‘ನಾನಾ’ ಎಂದು ಬಂದ ಪತ್ರವೇ ಕೊನೆಯಲ್ಲ

ಸೇನೆಯಿಂದ ನಿವೃತ್ತರಾದವರಿಗೆ ಅಂಗವೈಕಲ್ಯ ಪಿಂಚಣಿ ನಿರಾಕರಿಸಿ, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಿಂದ ಬರುವ ಪತ್ರದ ತಿರುಳು ಬಹುತೇಕ ಒಂದೇ: ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ಇದನ್ನೇ ಇಂಗ್ಲಿಷಿನ ‘Neither Attributable Nor Aggravated’ನ ಮೊದಲ ಅಕ್ಷರಗಳಿಂದ ಚುಟುಕಾಗಿ ‘ನಾನಾ’ (NANA) ಎನ್ನುತ್ತಾರೆ. ಅದನ್ನು ಓದಿ ಪತ್ರವನ್ನು ಟ್ರಂಕಿಗೆ ಹಾಕಿಬಿಡುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ರಿಲೀಸ್ ಮೆಡಿಕಲ್ ಬೋರ್ಡಿನ, ಅಂದರೆ ನಿವೃತ್ತಿಯ ಹೊತ್ತಿಗೆ ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಮಂಡಳಿಯ, ವರದಿಯ ಪೂರ್ತಿ ಪ್ರತಿ ಕೈಗೆ ಬರಬೇಕು. ಇಲ್ಲದಿದ್ದರೆ 10 ರೂಪಾಯಿ ಕಟ್ಟಿ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಅರ್ಜಿ ಹಾಕಿ. ಅದರಲ್ಲಿ ಕಾರಣ ಬರೆದ ಅಂಕಣವೇ ಜೀವಾಳ. ‘ಪೀಸ್ ಸ್ಟೇಷನ್‌ನಲ್ಲಿ ಶುರುವಾಗಿದೆ’ (ಅಂದರೆ ಗಡಿಯಿಂದ ದೂರದ, ಶಾಂತ ಪ್ರದೇಶದ ಠಾಣೆಯಲ್ಲಿ) ಎಂದಷ್ಟೇ ಬರೆದು ಬಿಟ್ಟಿದ್ದರೆ ನಿಮ್ಮ ವಾದ ಅಲ್ಲಿಂದಲೇ ಶುರು. ಭರ್ತಿಯ ದಿನ ಕಾಯಿಲೆ ದಾಖಲಾಗಿರದಿದ್ದರೆ ಆಗ ಆರೋಗ್ಯ ಸರಿಯಿತ್ತೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಇಲಾಖೆಯದು ಎಂದು ಸುಪ್ರೀಂ ಕೋರ್ಟ್ 2013ರ ಧರ್ಮವೀರ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. 2023ರ ಸೆಪ್ಟೆಂಬರ್ 21ರಿಂದ ನಿವೃತ್ತರಾದವರಿಗೆ ಹೊಸ ನಿಯಮಗಳಿವೆ. ಅವರು ಅವನ್ನೇ ಓದಿ ಬರೆಯಬೇಕು.

ಮೇಲ್ಮನವಿ ಹೆಚ್ಚಾಗಿ ಸೋಲುವುದು ಬರೆಯುವ ರೀತಿಯಿಂದ. ಸಾಲ, ಮಗಳ ಮದುವೆ, ಬಡತನ, ಎಲ್ಲ ನಿಜವಾದ ಕಷ್ಟಗಳೇ. ಆದರೆ ಮೇಲ್ಮನವಿ ಸಮಿತಿ ನೋಡುವುದು ಸೇವೆಗೂ ಕಾಯಿಲೆಗೂ ಇರುವ ನಂಟನ್ನು. ಒಂದು ಹಾಳೆಯಲ್ಲಿ ಗೆರೆ ಎಳೆದು ಪೋಸ್ಟಿಂಗ್, ತಾರೀಕು, ಜಾಗ, ಆಸ್ಪತ್ರೆ ಸೇರಿದ ದಿನ ಬರೆಯಿರಿ. ಎರಡೂವರೆ ವರ್ಷ ಎತ್ತರದ ಗಡಿಯಲ್ಲಿದ್ದು ಬೆಳಗಾವಿಗೆ ಬಂದ ನಾಲ್ಕನೇ ತಿಂಗಳಿಗೆ ಬಿ.ಪಿ. ಪತ್ತೆಯಾದರೆ, ಬೋರ್ಡಿನ ಕಾಗದದಲ್ಲಿ ಅದು ‘ಪೀಸ್ ಸ್ಟೇಷನ್’ ಕಾಯಿಲೆ. ನಿಮ್ಮ ಹಾಳೆಯಲ್ಲಿ ಹಿಂದಿನ ಎರಡೂವರೆ ವರ್ಷವೂ ಕಾಣುತ್ತದೆ.

ಶೇಕಡಾವಾರನ್ನೂ ಬಿಡಬೇಡಿ. ಅವಧಿ ಪೂರೈಸಿ ನಿವೃತ್ತರಾದವರಿಗೆ ಕನಿಷ್ಠ ಶೇ 20 ವೈಕಲ್ಯ ಇರಬೇಕು. ಶೇ 100 ವೈಕಲ್ಯಕ್ಕೆ ಕೊನೆಯ ವೇತನದ ಶೇ 30 ಸಿಗುತ್ತದೆ. ವೇತನ 40,000 ಇದ್ದರೆ 12,000; ವೈಕಲ್ಯ ಶೇ 30 ಆದರೆ 3,600. ಬ್ರಾಡ್ ಬ್ಯಾಂಡಿಂಗ್ ಆಗಿ, ಅಂದರೆ ಶೇಕಡಾವಾರನ್ನು ಮೇಲಿನ ಹಂತಕ್ಕೆ ಏರಿಸಿ, ಅದೇ ಶೇ 30 ಅನ್ನು 50 ಎಂದು ಎಣಿಸಿದರೆ 6,000. 2014ರ ರಾಮ್ ಅವತಾರ್ ತೀರ್ಪು ಇದನ್ನು ಅವಧಿ ಮುಗಿಸಿದವರಿಗೂ ಕೊಟ್ಟಿದೆ. ಮನವಿಯಲ್ಲಿ ಬಾಯಿಬಿಟ್ಟು ಕೇಳಿ.

ತಿರಸ್ಕಾರದ ಪತ್ರದಿಂದ 6 ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ ಮತ್ತೆ 6 ತಿಂಗಳೊಳಗೆ ಎರಡನೆಯದು. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ: ಮೇಲ್ಮನವಿಗೆ 6 ತಿಂಗಳಾದರೂ ಆದೇಶ ಬಾರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಲು ಆ ರಸೀದಿಯೇ ಆಧಾರ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ.

ವರ್ಷಗಳೇ ಕಳೆದಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ, ಏಕೆಂದರೆ ಪಿಂಚಣಿ ತಪ್ಪುವುದು ಪ್ರತಿ ತಿಂಗಳೂ ಮರುಕಳಿಸುವ ಅನ್ಯಾಯ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ತಡವಾಗಿ ಬಂದವರಿಗೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ 3 ವರ್ಷಕ್ಕೆ ಮಾತ್ರ.