1 ಲಕ್ಷಕ್ಕೆ ಯಾವ ಬೈಕ್ ತೆಗೆಯುವುದು?

"ಅಣ್ಣಾ, 1 ಲಕ್ಷ ಉಂಟು. ಯಾವ ಬೈಕ್ ತೆಗೆಯುವುದು?" ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕಂಡಾಗೆಲ್ಲ ಕೇಳುವುದು ಇದನ್ನೇ. ಮಾಡೆಲ್ ಹೆಸರು ಆಮೇಲೆ ಮಾರಾಯ, ಮೊದಲು ಕಳೆಯುವ ಲೆಕ್ಕ ಮಾಡುವ. 10 ಸಾವಿರ ನಿಮ್ಮ ಮೈಗೆ, ಅಂದರೆ ಹೆಲ್ಮೆಟ್, ಗ್ಲೌಸಿನಂಥ ರಕ್ಷಣೆಗೆ. ಇನ್ನೊಂದು 10 ಸಾವಿರ ಟಯರ್, ಚೈನ್, ಆರ್‌ಸಿ ಹೆಸರು ಬದಲಾವಣೆ, ಇನ್ಶೂರೆನ್ಸಿಗೆ. ಉಳಿದ 80 ಸಾವಿರದೊಳಗೆ ಬೈಕ್ ಹುಡುಕಬೇಕು.

ಅಂದರೆ ಹೊಸದು ಕಷ್ಟ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಹೌದು. ಆದರೂ ಶೋರೂಮಿನವರು ಹೇಳುವ ರೇಟಿಗೆ ರಾಜ್ಯದ ತೆರಿಗೆ, 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮಿಂದ ಬೇರೆಯವರಿಗಾದ ನಷ್ಟಕ್ಕೆ ಮಾತ್ರ) ಎಲ್ಲ ಸೇರಿದಾಗ 100 ಸಿಸಿಯ ಹಲವು ಬೈಕುಗಳೂ 1 ಲಕ್ಷದ ಹತ್ತಿರ ಬಂದು ನಿಲ್ಲುತ್ತವೆ. ಹೆಲ್ಮೆಟ್ಟಿಗೆ ಮತ್ತೆ ದುಡ್ಡು ಎಲ್ಲಿಂದ?

ಹಾಗಾಗಿ ನನ್ನ ಸಲಹೆ ಮೂರ್ನಾಲ್ಕು ವರ್ಷ ಓಡಿದ 150-160 ಸಿಸಿ. ಸ್ಪೀಡಿಗಾಗಿ ಅಲ್ಲ, ಬ್ರೇಕಿಗಾಗಿ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. ಅದಕ್ಕಿಂತ ಸಣ್ಣವಕ್ಕೆ ಸಿಬಿಎಸ್ ಸಾಕು ಎಂದರು. ಸಿಬಿಎಸ್ ಎರಡೂ ಚಕ್ರಗಳಿಗೆ ಬ್ರೇಕ್ ಹಂಚುತ್ತದೆಯೇ ಹೊರತು ಚಕ್ರ ಲಾಕ್ ಆಗುವುದನ್ನು ತಡೆಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಜಾರಲಿಕ್ಕೆ ಕಾರಣ ಒಂದಾ ಎರಡಾ? ಹೆದ್ದಾರಿ 66ರಲ್ಲಿ ಮೀನಿನ ಲಾರಿಯಿಂದ ಸುರಿದ ನೀರು, ಕೆಲಸ ನಡೆಯುವ ಜಾಗದಿಂದ ಟಿಪ್ಪರ್ ಚಕ್ರಕ್ಕೆ ಅಂಟಿ ಬಂದ ಕೆಂಪು ಕೆಸರು, ಮಳೆಗಾಲದ ಆಟಿ ತಿಂಗಳಲ್ಲಿ ಒಳರಸ್ತೆಯ ಕಾಂಕ್ರೀಟಿನ ಮೇಲೆ ಕಟ್ಟುವ ಪಾಚಿ. ಅಂಥಲ್ಲಿ ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಎಬಿಎಸ್ ಇದ್ದವನು ಹೆಚ್ಚಾಗಿ ನಿಂತೇ ಉಳಿಯುತ್ತಾನೆ. ಜಲ್ಲಿ ಹುಡಿಯ ಮೇಲೆ ಮಾತ್ರ ಅದನ್ನು ನಂಬಿ ಕೂರಬೇಡಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಟಾರ್ಚ್ ತೆಗೆದುಕೊಂಡು ಹೋಗಿ. ಘಟ್ಟದ ಮೇಲಿನವರು ಕಿಲೋಮೀಟರ್ ನೋಡಿದರೆ ನಾವು ತುಕ್ಕು ನೋಡಬೇಕು. ಮಲ್ಪೆ, ಉಳ್ಳಾಲ, ಪಣಂಬೂರಿನಂಥ ಕಡಲ ಬದಿಯಲ್ಲಿ ನಿಂತ ಬೈಕಿನ ಟ್ಯಾಂಕ್ ಪಳಪಳ ಹೊಳೆಯುತ್ತಿರುತ್ತದೆ. ಕಥೆ ಇರುವುದು ಅಡಿಯಲ್ಲಿ. ಸೈಲೆನ್ಸರ್ ಬಗ್ಗುವ ಜಾಗ, ಸ್ಟ್ಯಾಂಡಿನ ಬುಡ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ವೆಲ್ಡಿಂಗ್, ಇಷ್ಟಕ್ಕೂ ಬೆಳಕು ಬಿಡಿ. ಅಡಿಭಾಗಕ್ಕೆ ಮಾತ್ರ ಹೊಸ ಕಪ್ಪು ಪೇಂಟ್ ಹೊಡೆದಿದ್ದರೆ ಯಾಕೆಂದು ಕೇಳಿ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯನ್ನು ಬೆರಳಿನಲ್ಲಿ ಮೇಲಿಂದ ಕೆಳಗೆ ಸವರಿ. ತುಕ್ಕು ಹಿಡಿದು ತರಿತರಿ ಆಗಿದ್ದರೆ ಅದು ಆಯಿಲ್ ಸೀಲನ್ನು ಕೊಯ್ಯುತ್ತದೆ. ಸೀಲಿನಿಂದ ಇಳಿದ ಆಯಿಲ್ ಬ್ರೇಕ್ ಡಿಸ್ಕಿನ ಮೇಲೆ ಬಿದ್ದರೆ ಎಬಿಎಸ್ಸಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ.

ಎಂಜಿನ್ ಮುಟ್ಟಿ ನೋಡಿ. ನೀವು ಹೋಗುವ ಮೊದಲೇ ಬಿಸಿಯಾಗಿದ್ದರೆ ಬೆಳಗ್ಗೆ ಸ್ಟಾರ್ಟ್ ಆಗುವ ಕಷ್ಟವನ್ನು ಮುಚ್ಚುತ್ತಿರಬಹುದು. ಆಯಿಲ್ ಹಾಲು ಚಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ; ನೆರೆಯಲ್ಲಿ ನಿಂತ ಬೈಕ್ ಇರಬಹುದು, ಚರ್ಚೆಯೇ ಬೇಡ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ: 2319 ಅಂದರೆ 2019ರ 23ನೇ ವಾರದ ಟಯರ್. ಅಷ್ಟು ಹಳೆಯದರ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿಯುವುದಿಲ್ಲ. ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ.

ಕಾಗದದ ವಿಷಯ ಚುಟುಕಾಗಿ. ಮಣಿಪಾಲ, ಸುರತ್ಕಲ್‌ನಲ್ಲಿ ಓದು ಮುಗಿಸಿ ಹೋಗುವವರ ಬೈಕು ಚೀಪಿಗೆ ಸಿಗುವುದುಂಟು. ನಂಬರ್ ಹೊರರಾಜ್ಯದ್ದಾದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ ಎರಡೂ ನಿಮ್ಮ ತಲೆಗೆ. ಮಂಗಳೂರಿನ ಕೆಎ-19, ಉಡುಪಿಯ ಕೆಎ-20ರದ್ದೇ ಸಿಕ್ಕಿದರೆ ಸುಖ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನಿಂದ ಸಾಲ ತೀರಿತೆಂದು ಹೇಳುವ ಫಾರ್ಮ್ 35 ಬರುವವರೆಗೆ ದುಡ್ಡು ಎಣಿಸಬೇಡಿ. "ಇನ್ಶೂರೆನ್ಸ್ ಉಂಟು" ಅನ್ನುವವರ ಹತ್ತಿರ ಹೆಚ್ಚಾಗಿ ಇರುವುದು ಆ 5 ವರ್ಷದ ಥರ್ಡ್ ಪಾರ್ಟಿ ಮಾತ್ರ. ಗಾಳಿ ಮಳೆಗೆ ತೆಂಗಿನಮರ ಬೈಕಿನ ಮೇಲೆ ಬಿದ್ದರೆ ಅದರಿಂದ ಒಂದು ಪೈಸೆ ಹುಟ್ಟುವುದಿಲ್ಲ.

ಈಗ ಮೈಗೆ ಇಟ್ಟ 10 ಸಾವಿರ. ಮೂರೂವರೆ ಸಾವಿರದೊಳಗೆ ಒಳ್ಳೆಯ ಫುಲ್ ಫೇಸ್ ಹೆಲ್ಮೆಟ್ ಬರುತ್ತದೆ. 2021ರ ಜೂನ್ 1ರಿಂದ ಐಎಸ್‌ಐ ಇಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ, ಆದರೆ ರಸ್ತೆ ಬದಿಯಲ್ಲಿ ಸ್ಟಿಕ್ಕರಿಗೇನೂ ಬರ ಇಲ್ಲ. ಅಂಗಡಿಗೇ ಹೋಗಿ, ತಲೆಗೆ ಹಾಕಿ, ಪಟ್ಟಿ ಬಿಗಿದು, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಸೈಜ್ ದೊಡ್ಡದು. ಕೆನ್ನೆ ಒತ್ತಿ ಮಾತು ಸ್ವಲ್ಪ ತೊದಲಬೇಕು. ವಾರ ಕಳೆದರೆ ಒಳಗಿನ ಸ್ಪಂಜು ಸಡಿಲುತ್ತದೆ. ಕಪ್ಪು ವೈಸರ್ ಎಷ್ಟೇ ಚಂದ ಕಂಡರೂ ಬೇಡ. ಜುಲೈಯಲ್ಲಿ ಸಂಜೆ ಐದಕ್ಕೇ ಕತ್ತಲು ಕವಿದಾಗ ಅದರೊಳಗಿಂದ ಹೊಂಡವೂ ಕಾಣುವುದಿಲ್ಲ, ಹಂಪ್ಸೂ ಕಾಣುವುದಿಲ್ಲ.

ಗ್ಲೌಸ್ ಒಂದೂವರೆ ಸಾವಿರ. ಬೀಳುವಾಗ ಎಲ್ಲರೂ ಊರುವುದು ಅಂಗೈಯನ್ನೇ, ಆದ್ದರಿಂದ ಅಂಗೈಯ ಬುಡದಲ್ಲಿ ಗಟ್ಟಿ ತುಂಡು ಇರುವುದನ್ನೇ ಆರಿಸಿ. ಪ್ಯಾಂಟು, ಅಂಗಿ ಬೇರೆ ಬೇರೆ ಇರುವ ರೇನ್‌ಕೋಟ್ ಇನ್ನೊಂದು ಒಂದೂವರೆ ಸಾವಿರ. ಹಳದಿಯೋ ಕಿತ್ತಳೆಯೋ ಇರಲಿ, ಲಾರಿಯವನ ಕನ್ನಡಿಯಲ್ಲಿ ಕಾಣಬೇಕು. ಮೊಣಕಾಲಿನ ಗಾರ್ಡಿಗೂ ಹೆಚ್ಚುಕಡಿಮೆ ಅಷ್ಟೇ. ಮಿಕ್ಕಿದ್ದರಲ್ಲಿ ಕಾಲಿನ ಹರಡು ಮುಚ್ಚುವ ಶೂ. ಚಪ್ಪಲಿಯಲ್ಲಿ ಗೇರ್ ಹಾಕುವವರನ್ನು ಕಂಡರೆ ನನಗೆ ಈಗಲೂ ಕಾಲಿನ ಬೆರಳು ಮುದುಡುತ್ತದೆ.

"ಬುಲೆಟ್ ಆಗುತ್ತದಾ?" ಎಂದೂ ಕೇಳುತ್ತಾರೆ. ಆಗುತ್ತದೆ, ಎರಡನೇ ಬೈಕಾಗಿ. 180 ಕಿಲೋ ದಾಟಿದ ಬೈಕನ್ನು ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ಲಿನ ಏರಿನಲ್ಲಿ, ಹಿಂದೆ ಅಮ್ಮನನ್ನು ಕೂರಿಸಿಕೊಂಡು, ಟ್ರಾಫಿಕ್ಕಿನ ಮಧ್ಯೆ ನಿಲ್ಲಿಸಿ ಮತ್ತೆ ಎಬ್ಬಿಸುವುದು ಹೊಸಬರ ಕೆಲಸ ಅಲ್ಲ.

ಜಾಕೆಟ್ ಪಟ್ಟಿಯಲ್ಲಿ ಇಲ್ಲ, ಗೊತ್ತುಂಟು. ಅದೊಂದಕ್ಕೇ 6-7 ಸಾವಿರ ಬೇಕು, ಮತ್ತು ಏಪ್ರಿಲ್ ಸೆಕೆಗೆ ಪೇಟೆಯೊಳಗೆ ಯಾರೂ ಅದನ್ನು ಹಾಕುವುದಿಲ್ಲ. ಆಗುಂಬೆಗೋ ಚಾರ್ಮಾಡಿಗೋ ಹೋಗುವ ಯೋಚನೆ ಬಂದಾಗ ಗಾಳಿಯಾಡುವ ಮೆಶ್ ಜಾಕೆಟ್ ತೆಗೆಯಿರಿ. ಭುಜ, ಮೊಣಕೈಯ ಪ್ಯಾಡ್ ಹೊರಗೆ ಎಳೆದು ಇಎನ್ 1621 (ಪೆಟ್ಟು ತಡೆಯುವ ಪ್ಯಾಡಿನ ಯುರೋಪಿಯನ್ ಗುಣಮಟ್ಟ) ಎಂಬ ಅಚ್ಚು ಇದೆಯೇ ನೋಡಿ. ಬೆನ್ನಿಗೆ ಹೆಚ್ಚಾಗಿ ಬರೀ ಸ್ಪಂಜು ಕೊಟ್ಟಿರುತ್ತಾರೆ, ಅದನ್ನು ಬೇರೆ ಕೊಂಡು ಹಾಕಿಸಬೇಕಾಗುತ್ತದೆ.