ದಿನಚರಿ: ಬೆಳಗಿನ ನಡಿಗೆ ಕೆಲಸ ಮಾಡುವುದು ರಾತ್ರಿ

12 ಜನವರಿ 2025, ಭಾನುವಾರ
ಕುವೆಂಪುನಗರ, ಮೈಸೂರು

ಇವತ್ತು ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿಕೊಂಡೇ ಹೋದೆವು. ಸಾವಿರ ಮೆಟ್ಟಿಲು. ಹರಕೆ ಹೊತ್ತ ಅಜ್ಜಿಯೊಬ್ಬರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ನಾನು ನಂದಿ ಹತ್ತಿರ ಬರುವಷ್ಟರಲ್ಲೇ ಏದುಸಿರು ಬಿಡುತ್ತಿದ್ದೆ. ತೊಡೆ ಈಗಲೂ ಬಿಗಿದುಕೊಂಡಿದೆ. ಆದರೆ ಮನಸ್ಸು ತಿಳಿಯಾಗಿದೆ. ಹೀಗಿರುವಾಗಲೇ ಬರೆದುಬಿಡಬೇಕು ಅನ್ನಿಸಿತು.

ನಾನು ಪೋರ್ನ್ ನೋಡುವ ಚಟದಿಂದ ಹೊರಗೆ ಬರುತ್ತಿದ್ದೇನೆ. ಹೆಂಡತಿಗೆ ಗೊತ್ತು. ನಾನು ಹೋಗುವ ಆಪ್ತಸಲಹೆಗಾರರಿಗೆ ಗೊತ್ತು. ಈ ವಿಷಯದಲ್ಲಿ ಕನ್ನಡದಲ್ಲಿ ಸಿಗುವುದು ಒಂದೋ ಬೈಗುಳ, ಇಲ್ಲವೇ ಹೆದರಿಸುವ ಮಾತು. ಅದಕ್ಕೇ ಬರೆಯುತ್ತಿದ್ದೇನೆ.

ವ್ಯಾಯಾಮ ಶುರು ಮಾಡಿ ಅಂತ ಹೇಳಿದ್ದು ಸಲಹೆಗಾರರೇ. ಆಗ ಅವರು ಒಂದು ಮಾತು ಸೇರಿಸಿದರು: "ಮೈಗೆ ಶಿಕ್ಷೆ ಕೊಡೋಕೆ ಅಂತ ಮಾತ್ರ ಮಾಡಬೇಡಿ." ನನಗೆ ಆ ಮಾತು ಬೇಕಿತ್ತು. ನಮ್ಮ ಕಡೆ ವ್ಯಾಯಾಮಕ್ಕೂ ಈ ವಿಷಯಕ್ಕೂ ಹಳೆಯ ನಂಟು. ಮೈಸೂರಿನ ಗರಡಿಮನೆಗಳ ಪಕ್ಕ ಬೆಳೆದವರಿಗೆ ಇದು ಗೊತ್ತಿರುತ್ತದೆ. ದಂಡ ಹೊಡಿ, ಬಸ್ಕಿ ಹೊಡಿ, ಕೈ ಬಾಯಿ ಕಚ್ಚೆ ಭದ್ರ ಇಟ್ಟುಕೋ ಅಂತ ಹಿರಿಯರು ಹೇಳುತ್ತಿದ್ದರು. ಆ ಶಿಸ್ತಿನ ಮೇಲೆ ನನಗೆ ಈಗಲೂ ಗೌರವ ಇದೆ. ಆದರೆ ಅದರ ಜೊತೆಗೇ ಬರುವ ಇನ್ನೊಂದು ಮಾತಿದೆಯಲ್ಲ, ವೀರ್ಯ ಹೋದರೆ ಶಕ್ತಿಯೆಲ್ಲ ಹೋಯಿತು, ಒಂದು ತೊಟ್ಟಿಗೆ ಇಷ್ಟು ತೊಟ್ಟು ರಕ್ತ ಅನ್ನುವುದು, ಅದು ಸುಳ್ಳು. ವೀರ್ಯವನ್ನು ದೇಹ ದಿನವೂ ಹೊಸದಾಗಿ ಮಾಡಿಕೊಳ್ಳುತ್ತಲೇ ಇರುತ್ತದೆ. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ 'ಗುಪ್ತರೋಗ' ಅಂತ ಬರೆದು ಔಷಧಿ ಮಾರುವವರು ಬದುಕಿರುವುದೇ ಈ ಭಯದ ಮೇಲೆ. ಎಷ್ಟು ಹುಡುಗರು ಈ ಭಯದಲ್ಲೇ ಸೊರಗುತ್ತಾರೆ! ಇದು ನನಗೆ ತುಂಬಾ ಸಂಕಟ ಕೊಡುತ್ತದೆ.

ಹಾಗಾದರೆ ತೊಂದರೆ ಯಾವುದು? ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನುವ ರೋಗಗಳ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ 'ಪೋರ್ನ್ ಚಟ' ಅನ್ನುವ ಹೆಸರಿನ ಕಾಯಿಲೆ ಇಲ್ಲ. ಹತೋಟಿ ತಪ್ಪಿದ ಲೈಂಗಿಕ ವರ್ತನೆ ಅನ್ನುವುದಿದೆ. ಬಿಡಬೇಕು ಅಂದುಕೊಂಡರೂ ಬಿಡಲಾಗದೆ, ಕೆಲಸ, ಆರೋಗ್ಯ, ಸಂಬಂಧ ಎಲ್ಲ ಹಾಳಾಗುತ್ತಿದ್ದರೂ ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ಅದೇ ನಡೆದರೆ ಅದು ತೊಂದರೆ. ಸುಮ್ನೆ ಪಾಪಪ್ರಜ್ಞೆ ಕಾಡುತ್ತಿದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಕಾಯಿಲೆ ಅನ್ನಬಾರದು ಅಂತಲೂ ಅಲ್ಲಿ ಬರೆದಿದೆ. ಇದನ್ನು ಓದಿದ ದಿನ ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು. ನನ್ನದು ನಿದ್ದೆ, ಕೆಲಸ, ಮನೆ ಮೂರನ್ನೂ ತಿನ್ನುತ್ತಿದ್ದ ಅಭ್ಯಾಸ. ಅಭ್ಯಾಸವನ್ನು ಬದಲಿಸಬಹುದು ಅಲ್ವಾ?

ಈಗ ದಿನಚರಿಗೆ ಬರುತ್ತೇನೆ.

ವಾರದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆ. ಬಿರುಸಾಗಿ ನಡೆದರೆ ಒಂದು ಸುತ್ತಿಗೆ ನನಗೆ ಮುಕ್ಕಾಲು ಗಂಟೆ ಹತ್ತಿರ ಹಿಡಿಯುತ್ತದೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಇಂಥ ನಡಿಗೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ದಿನ ಹೋದರೆ ಲೆಕ್ಕ ಮುಗಿಯಿತು. ಉಳಿದ ದಿನ ಮನೆಯಲ್ಲೇ ಬಸ್ಕಿ, ದಂಡ, ಒಂದಷ್ಟು ಸೂರ್ಯ ನಮಸ್ಕಾರ. ಇಷ್ಟೇ. ಇದರಲ್ಲಿ ಹೊಸದೇನೂ ಇಲ್ಲ.

ನನಗೆ ಹೊಸದಾಗಿ ಕಂಡಿದ್ದು ಬೇರೆ. ಈ ವ್ಯಾಯಾಮದ ಅರ್ಧ ಕೆಲಸ ಹಿಂದಿನ ರಾತ್ರಿಯೇ ಆಗಿಹೋಗಿರುತ್ತದೆ. ನನ್ನ ಕಷ್ಟದ ಹೊತ್ತು ರಾತ್ರಿ ಹನ್ನೊಂದರಿಂದ ಒಂದು. ಮನೆಯೆಲ್ಲ ಮಲಗಿರುತ್ತದೆ, ದಿನದ ಸುಸ್ತು ಇರುತ್ತದೆ, ಕೈಯಲ್ಲಿ ಫೋನು. ಆ ಹೊತ್ತಿನಲ್ಲಿ ಮನಸ್ಸನ್ನು ಗಟ್ಟಿ ಮಾಡಿಕೊಂಡು ಗುದ್ದಾಡುವುದು ಬಲು ಕಷ್ಟ. ಬೆಳಿಗ್ಗೆ ಐದೂವರೆಗೆ ಏಳಬೇಕು ಅಂದರೆ ಹತ್ತಕ್ಕೇ ಮಲಗಬೇಕು. ಹತ್ತಕ್ಕೆ ಮಲಗಿದರೆ ಹನ್ನೊಂದು ಗಂಟೆ ನನ್ನ ಪಾಲಿಗೆ ಬರುವುದೇ ಇಲ್ಲ. ಹತ್ತಕ್ಕೆ ಮೊದಲೇ ಹೆಂಡತಿ "ರೀ, ಫೋನ್ ಕೊಡಿ" ಅನ್ನುತ್ತಾಳೆ. ನಾನೇ ಹಾಗೆ ಕೇಳು ಅಂದಿದ್ದೆ. ಅದು ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕ ಚಾರ್ಜಿಗೆ ಕೂರುತ್ತದೆ. ಅಲಾರಂಗೆ ಅಂತ ಹಳೆಯ ಗಡಿಯಾರ ಇದೆ. ಆಪ್ತರು ಯಾರಾದರೂ ಇದೇ ಕಷ್ಟದಲ್ಲಿದ್ದರೆ ನಾನು ಮೊದಲು ಹೇಳುವುದು ಇದನ್ನೇ: ಬೆಳಗಿನ ಹೊತ್ತಿಗೆ ಏನಾದರೂ ಒಂದು ಕೆಲಸ ಇಟ್ಟುಕೊಳ್ಳಿ.

ಇನ್ನೊಂದು ಮುಖ್ಯ ವಿಷಯ ಫೋನಿನದ್ದು. ವ್ಯಾಯಾಮ ಕಲಿಯಲು ಎಲ್ಲರೂ ವಿಡಿಯೋ ನೋಡುತ್ತಾರೆ. ಮೈ ತೋರಿಸುವ ರೀಲ್ಸ್ ಅದರ ಪಕ್ಕದಲ್ಲೇ ಇರುತ್ತವೆ. ಕಸರತ್ತಿನ ವಿಡಿಯೋದಿಂದ ಶುರುವಾದ ಬೆರಳು ಎಲ್ಲಿಗೆ ಹೋಗಿ ನಿಲ್ಲುತ್ತದೋ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಗರಡಿಯಲ್ಲಿ ಸಾಮು ಮಾಡಿದ್ದ ನೆರೆಮನೆಯ ಹಿರಿಯರ ಹತ್ತಿರ ಎದುರಿಗೇ ಕಲಿತೆ. "ಮಂಡಿ ಮುಂದಕ್ಕೆ ದೂಡಬೇಡ ಕಣಪ್ಪ, ಹಿಮ್ಮಡಿ ಊರು" ಅಂತ ಅವರು ಭುಜ ಹಿಡಿದು ತಿದ್ದುತ್ತಾರೆ. ಮಾಡಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ. ಕೆರೆಗೆ ಹೋಗುವಾಗಲೂ ಫೋನ್ ಒಯ್ಯುವುದಿಲ್ಲ. ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ನೋಡುತ್ತಾ ನಡೆಯುತ್ತೇನೆ. ದಿನಾ ಎದುರು ಸಿಗುವ ಒಬ್ಬರು ಯಜಮಾನರು "ಏನಪ್ಪಾ, ಇವತ್ತು ಲೇಟು?" ಅನ್ನುತ್ತಾರೆ. ಈ ಚಟ ಮನುಷ್ಯನನ್ನು ಒಂಟಿ ಮಾಡುತ್ತದೆ. ನನಗಾಗಿ ಕಾಯುವವರಂತೆ ಯಾರೋ ಕೇಳುವ ಆ ಒಂದು ಮಾತಿನಿಂದ ಎಷ್ಟು ಬಲ ಬರುತ್ತದೆ ಅಂತ ಅವರಿಗೆ ಗೊತ್ತಿಲ್ಲ.

ವ್ಯಾಯಾಮ ಮಾಡಿದರೆ ಆಸೆ ಹೋಗಿಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಮೊದಮೊದಲು ಮನಸ್ಸು ಸಪ್ಪಗೆ ಇತ್ತು, ಸಿಡುಕು ಜಾಸ್ತಿ ಇತ್ತು. ಆ ತುಡಿತ ಈಗಲೂ ಬರುತ್ತದೆ. ಹಾಲು ಉಕ್ಕುವ ಹಾಗೆ ಏರುತ್ತದೆ, ಉರಿ ತಗ್ಗಿಸಿದರೆ ಇಳಿಯುತ್ತದೆ. ಅದು ಏರುವ ಹೊತ್ತಿಗೆ ಎದ್ದು ಒಂದಷ್ಟು ಬಸ್ಕಿ ಹೊಡೆಯುತ್ತೇನೆ, ಇಲ್ಲವೇ ಬೀದಿ ಕೊನೆಯ ತನಕ ಬಿರುಸಾಗಿ ಹೋಗಿ ಬರುತ್ತೇನೆ. ಸಿಗರೇಟು ಬಿಡುವವರ ಮೇಲೆ ನಡೆದ ಪ್ರಯೋಗಗಳಲ್ಲಿ ಸ್ವಲ್ಪ ಹೊತ್ತಿನ ನಡಿಗೆಯೂ ಸೇದುವ ಆಸೆಯನ್ನು ಆ ಹೊತ್ತಿಗೆ ತಗ್ಗಿಸಿದ್ದು ಕಂಡಿದೆ. ನನ್ನ ವಿಷಯದಲ್ಲೂ ಅದು ನಿಜ. ಆದರೆ ಯಾವ ಬೇಸರ, ಯಾವ ಭಯ ನನ್ನನ್ನು ಆ ಪರದೆಯ ಮುಂದೆ ಕೂರಿಸುತ್ತಿತ್ತು ಅಂತ ಬಿಡಿಸಿ ನೋಡುವ ಕೆಲಸ ಸಲಹೆಗಾರರ ಎದುರು ಕೂತೇ ಆಗಬೇಕು. ಎದುರು ಕೂತು ಮಾತಾಡಲು ಇನ್ನೂ ಧೈರ್ಯ ಬರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಟರ್ನೆಟ್, ಮೊಬೈಲ್ ಬಳಕೆ ಹತೋಟಿ ತಪ್ಪಿದವರಿಗಾಗಿಯೇ 2014ರಿಂದ 'ಶಟ್' ಅನ್ನುವ ಕ್ಲಿನಿಕ್ ಇದೆ.

ಮಂಗಳವಾರ ಸಂಕ್ರಾಂತಿ. ಮಂಡ್ಯ ಹತ್ತಿರದ ಅಕ್ಕನ ಊರಿಗೆ ಹೊರಟಿದ್ದೇವೆ. ಎಳ್ಳು ಬೆಲ್ಲ ಬೀರುವುದು, ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದು, ಮಕ್ಕಳ ಗಲಾಟೆ, ಎಲ್ಲ ಚೆನ್ನಾಗಿರುತ್ತದೆ. ಆದರೆ ದಿನಚರಿ ತಪ್ಪುವ ಇಂಥ ರಾತ್ರಿಗಳಿಗೆ ಮೊದಲೇ ತಯಾರಿ ಬೇಕು. ನಡುಮನೆಯಲ್ಲಿ ಮಕ್ಕಳ ಜೊತೆ ಮಲಗುತ್ತೇನೆ. ಫೋನ್ ಹೆಂಡತಿಯ ಬ್ಯಾಗಿನಲ್ಲಿ. ಬುಧವಾರ ಬೆಳಿಗ್ಗೆ ವಿ.ಸಿ. ನಾಲೆ ಏರಿಯ ಮೇಲೆ ನಡೆಯೋಣ ಅಂತ ಭಾವನಿಗೆ ಈಗಷ್ಟೇ ಫೋನ್ ಮಾಡಿದೆ.

"ಬಾರಯ್ಯ, ಆರಕ್ಕೇ ಎಬ್ಬಿಸ್ತೀನಿ" ಅಂದರು.