ಡ್ರಿಲ್ ಮೇಷ್ಟ್ರು ಹೇಳಿಕೊಟ್ಟ ಧ್ಯಾನ

ನಮ್ಮ ಹೈಸ್ಕೂಲಿನಲ್ಲಿ ಕಲಿತದ್ದರಲ್ಲಿ ಇವತ್ತಿಗೂ ನನಗೆ ದಿನಾ ಉಪಯೋಗಕ್ಕೆ ಬರುವುದು ಡ್ರಿಲ್ ಮೇಷ್ಟ್ರು ಹೇಳಿಕೊಟ್ಟ ಧ್ಯಾನ. ಈಗ ಓದುತ್ತಿರುವ ಮಕ್ಕಳಿಗೆ ಇದು ಗೊತ್ತಿರಲಿಕ್ಕಿಲ್ಲ. ಮೇಷ್ಟ್ರು ರಿಟೈರ್ ಆದ ಮೇಲೆ ನಿಂತುಹೋಯಿತಂತೆ. ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ಬೆಳಗಿನ ಶಾಲೆ. ಡ್ರಿಲ್ ಮುಗಿದು ಬೆವರು ಆರುವ ಮೊದಲೇ ನಮ್ಮನ್ನು ಹಾಲ್‌ನಲ್ಲಿ ಜಮಖಾನೆ ಮೇಲೆ ಕೂರಿಸುತ್ತಿದ್ದರು. ಮೊದಲು ಕಲಿಸಿದ್ದು ಕೂರುವುದನ್ನೇ. ಪದ್ಮಾಸನ ಬೇಡ, ಚಕ್ಕಳಮಕ್ಕಳ ಸಾಕು. ಟವೆಲ್ಲೋ ಗೋಣಿಚೀಲವೋ ದಪ್ಪಗೆ ಮಡಚಿ ಅದರ ಮೇಲೆ ಕೂತು, ಸೊಂಟ ಮಂಡಿಗಿಂತ ಸ್ವಲ್ಪ ಮೇಲಿದ್ದರೆ ಬೆನ್ನು ಸುಲಭವಾಗಿ ನೆಟ್ಟಗಾಗುತ್ತದೆ, ಕಾಲೂ ಬೇಗ ಜೋಮು ಹಿಡಿಯುವುದಿಲ್ಲ. ಹಿಡಿದರೆ ನಿಧಾನಕ್ಕೆ ಕಾಲು ಬದಲಾಯಿಸಿ ಅನ್ನುತ್ತಿದ್ದರು.

ಆಮೇಲೆ ಉಸಿರು. ಪ್ರಾಣಾಯಾಮದ ಹಾಗೆ ಎಳೆದು ಬಿಡುವುದಿಲ್ಲ, ತಾನಾಗಿ ಬಂದುಹೋಗುವ ಉಸಿರನ್ನು ಮೂಗಿನ ತುದಿಯಲ್ಲಿ ಸುಮ್ನೆ ಗಮನಿಸಬೇಕು. ಒಳಗೆ ಹೋಗುವಾಗ ತಣ್ಣಗೆ, ಹೊರಗೆ ಬರುವಾಗ ಸ್ವಲ್ಪ ಬೆಚ್ಚಗೆ. ಮಂತ್ರ ಇಲ್ಲ, ಎಣಿಸುವುದಿಲ್ಲ, ದೇವರ ಹೆಸರಿಲ್ಲ. ಹಾಗಾಗಿ ಯಾವ ಮನೆಯ ಮಕ್ಕಳಿಗೂ ಅಡ್ಡಿ ಇರಲಿಲ್ಲ.

ಒಂದು ದಿನ ನಮ್ಮ ಕ್ಲಾಸಿನ ಹುಡುಗಿ, "ಮನಸ್ಸು ನಿಲ್ಲೋದೇ ಇಲ್ಲ ಸಾರ್" ಅಂದಳು. "ನಿಲ್ಲಿಸು ಅಂತ ನಾನೆಲ್ಲಿ ಹೇಳ್ದೆನಮ್ಮಾ? ಕರು ಹಗ್ಗ ಕಿತ್ಕೊಂಡು ಹೋದ್ರೆ ಹಿಡ್ಕೊಂಡು ಬಂದು ಕಟ್ತೀಯಲ್ವಾ, ಹಂಗೇ ಕರ್ಕೊಂಡು ಬಾ. ಎಷ್ಟು ಸಲ ಹೋದ್ರೂ ಅಷ್ಟು ಸಲ. ಬೈಬೇಡ ಮಾತ್ರ." ಹೊಸದಾಗಿ ಧ್ಯಾನ ಶುರು ಮಾಡಿದವರು ಬಿಟ್ಟುಬಿಡುವುದು ಜಾಸ್ತಿ ಇಲ್ಲೇ ಅಂತ ನನಗನ್ನಿಸುತ್ತದೆ. ಯೋಚನೆ ಬಂತು, ನನ್ನ ಕೈಲಿ ಆಗಲ್ಲ ಅಂತ ಎದ್ದುಬಿಡುತ್ತಾರೆ. ಆದರೆ ಮನಸ್ಸು ಎಲ್ಲೋ ಹೋಗಿದೆ ಅಂತ ಗೊತ್ತಾಗುವುದು, ಮತ್ತೆ ಉಸಿರಿಗೆ ಬರುವುದು, ಇವೆರಡೇ ಅಲ್ಲಿ ಮಾಡಬೇಕಾದ ಕೆಲಸ.

ಇದಕ್ಕೆ ಆನಾಪಾನ ಅಂತ ಹೆಸರು. ಮೇಷ್ಟ್ರು ಬೇಸಿಗೆ ರಜೆಯಲ್ಲಿ ಮಹಾರಾಷ್ಟ್ರದ ಇಗತ್‌ಪುರಿಗೆ ಹೋಗಿ ಕಲಿತು ಬಂದಿದ್ದರು. ಅಲ್ಲಿನ ವಿಪಶ್ಯನ ಅನ್ನುವ ಧ್ಯಾನ ಪದ್ಧತಿಯ ಕೇಂದ್ರವನ್ನು ಕಟ್ಟಿದ ಎಸ್. ಎನ್. ಗೋಯೆಂಕಾ 1924ರಲ್ಲಿ ಬರ್ಮಾದ ಮಾಂಡಲೇಯಲ್ಲಿ ಹುಟ್ಟಿದವರು, 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು. ಅವರ ಗುರು ಊ ಬಾ ಖಿನ್ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದವರು, ಸಂಸಾರಸ್ಥರು. ಧ್ಯಾನ ಸನ್ಯಾಸಿಗಳಿಗೆ ಮಾತ್ರ ಅಂತ ಯಾರಾದರೂ ಅಂದರೆ ಮೇಷ್ಟ್ರು ಇದನ್ನೇ ಹೇಳುತ್ತಿದ್ದರು.

ಕೆಲಸಕ್ಕೆ ಸೇರಿದ ಮೇಲೆ ನಾನೂ ಬೆಂಗಳೂರಿನ ತುಮಕೂರು ರಸ್ತೆ ಕಡೆಯ ಆಲೂರಿನ ಧಮ್ಮ ಪಫುಲ್ಲ ಕೇಂದ್ರದಲ್ಲಿ 10 ದಿನದ ಶಿಬಿರಕ್ಕೆ ಹೋದೆ. ಬೆಳಗ್ಗೆ 4ಕ್ಕೆ ಗಂಟೆ, 4:30ಕ್ಕೆ ಧ್ಯಾನ, ಫೋನು ಇಲ್ಲ, ಒಬ್ಬರೊಬ್ಬರಲ್ಲಿ ಮಾತಿಲ್ಲ, ಫೀಸೂ ಇಲ್ಲ, ಹಿಂದೆ ಕಲಿತು ಹೋದವರ ದಾನದಿಂದಲೇ ನಡೆಯುತ್ತದೆ. ಮೊದಲ ಮೂರು ದಿನ ಪೂರ್ತಿ ಬರೀ ಉಸಿರು, ನಮ್ಮ ಹಾಲ್‌ನಲ್ಲಿ ಕಲಿತದ್ದೇ! ಕಣ್ಣು ತುಂಬಿ ಬಂತು. ಮಂಡಿ ನೋವು ತಡೆಯಲಾಗದ ಹೊತ್ತಿನಲ್ಲೂ ಕಿವಿಯಲ್ಲಿ ಇದ್ದದ್ದು ಮೇಷ್ಟ್ರ ದನಿ. ಹಾಗಂತ ಹೊಸಬರು ನೇರವಾಗಿ 10 ದಿನಕ್ಕೆ ಹೋಗಲೇಬೇಕು ಅಂತಿಲ್ಲ, ಅದು ನಿಜವಾಗಿ ಕಷ್ಟ. ಮಾನಸಿಕ ಕಾಯಿಲೆಗೆ ಔಷಧಿ ತಗೊಳ್ಳುತ್ತಿರುವವರು ಮೊದಲು ಡಾಕ್ಟರನ್ನು ಕೇಳಿ, ಕೇಂದ್ರದವರಿಗೂ ತಿಳಿಸಬೇಕು. ಮನೆಯಲ್ಲಿ ದಿನಾ ಹತ್ತು ನಿಮಿಷ ಕೂತರೆ ಶುರುವಿಗೆ ಸಾಕು.

ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನ ಅಂತ ಘೋಷಿಸಿದೆ. ಹೆಡ್ ಮೇಷ್ಟ್ರಲ್ಲಿ ನನ್ನದೊಂದು ಮನವಿ. ಈ ವರ್ಷ ಆ ದಿನದಿಂದಲೇ ಶನಿವಾರದ ಹತ್ತು ನಿಮಿಷವನ್ನು ಮತ್ತೆ ಶುರು ಮಾಡಿಸಿ ಸಾರ್. ಮೇಷ್ಟ್ರು ಊರಲ್ಲೇ ಇದ್ದಾರೆ, ಕರೆದರೆ ಖಂಡಿತ ಬರುತ್ತಾರೆ. ಹೊಸ ಜಮಖಾನೆಗಳನ್ನು ನಮ್ಮ ಬ್ಯಾಚಿನವರು ಕೊಡಿಸುತ್ತೇವೆ.